ಮೆಕ್ಕೆಜೋಳದ ದಿಂಡಿನಿಂದ ಕೆಮಿಕಲ್ ತೆಗೆಯಬಹುದಾ? 38 ಲಕ್ಷ ಹಾಕುವ ಮುಂಚೆ

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು. 14 ಎಕರೆ ಇದೆ, ಹೆಚ್ಚಿನದರಲ್ಲಿ ಮೆಕ್ಕೆಜೋಳ ಹಾಕುತ್ತೇವೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಕೆಲಸ ಮಾಡಿ ಹೋದ ವರ್ಷ ಊರಿಗೆ ವಾಪಸ್ ಬಂದೆ. ಒಂದು ಕೃಷಿ ಮೇಳದಲ್ಲಿ ಮಷೀನ್ ಮಾರುವವರೊಬ್ಬರು ಸಿಕ್ಕರು. ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡಿನಿಂದ ಫರ್ಫುರಾಲ್ ಅನ್ನುವ ಕೆಮಿಕಲ್ ತೆಗೆಯುವ ಯೂನಿಟ್ ಅಂತೆ. ಬೆಲೆ 38 ಲಕ್ಷ. ದಿನಕ್ಕೆ 3 ಟನ್ ದಿಂಡು ಹಾಕಿದರೆ 600 ಕೆಜಿ ಮಾಲು ಬರುತ್ತದೆ, ನಾವೇ ವಾಪಸ್ ಕೊಳ್ಳುತ್ತೇವೆ, ಉಳಿದ ಚರಟದಲ್ಲಿ ಲಿಗ್ನಿನ್ ಇರುತ್ತದೆ, ಅದರಿಂದ ಬಯೋಪ್ಲಾಸ್ಟಿಕ್ ಮಾಡಬಹುದು ಎನ್ನುತ್ತಾರೆ. ಈ ತಿಂಗಳ ಕೊನೆಯೊಳಗೆ 4 ಲಕ್ಷ ಮುಂಗಡ ಕೊಡಬೇಕಂತೆ. ಅಪ್ಪ ಬೇಡವೇ ಬೇಡ ಅಂತಾರೆ. ಇದು ನಿಜವಾಗಿ ಆಗುವ ಕೆಲಸವಾ, ಇಲ್ಲ ಮೋಸವಾ?

ಉತ್ತರ: ನೀವು ಎರಡು ಪ್ರಶ್ನೆ ಸೇರಿಸಿ ಕೇಳಿದ್ದೀರಿ. ದಿಂಡಿನಿಂದ ಫರ್ಫುರಾಲ್ ಬರುತ್ತದಾ ಅನ್ನೋದು ಒಂದು. ಅದನ್ನು ನಿಮ್ಮ ಕಣದ ಪಕ್ಕ ಮಾಡಿ ಬದುಕಬಹುದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು, ಖಂಡಿತ ಬರುತ್ತದೆ. ಎರಡನೆಯದಕ್ಕೆ ನನ್ನ ಉತ್ತರ ಇಲ್ಲ. ಮುಂಗಡ ಕೊಡಬೇಡಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ನೀವು ಎಂಜಿನಿಯರಿಂಗ್ ಓದಿದವರು, ಲೆಕ್ಕ ನೀವೇ ಮತ್ತೆ ಮಾಡಿ ನೋಡಬಹುದು.

ನಾನು ಕೆಮಿಕಲ್ ಎಂಜಿನಿಯರ್. ಕೆಲಸ ಶುರು ಮಾಡಿದ್ದೇ ಒಂದು ಫರ್ಫುರಾಲ್ ಕಾರ್ಖಾನೆಯಲ್ಲಿ. ಮೊದಲ ವಾರ ನಡೆದದ್ದು ಇನ್ನೂ ನೆನಪಿದೆ. ಸಂಜೆ ಪಾಳಿಯಲ್ಲಿ ಒಂದು ಗಾಜಿನ ಬಾಟಲಿಗೆ ಸ್ಯಾಂಪಲ್ ಹಿಡಿದೆ. ತಿಳಿ ಹಳದಿ, ಹೊಸ ಕಡಲೆಎಣ್ಣೆಯ ಬಣ್ಣ. ವಾಸನೆ ಬಾದಾಮಿಯದ್ದು, ಮೊದಲ ಸಲ ಮೂಗಿಗೆ ಬಂದಾಗ ಹಿತವಾಗಿಯೇ ಇರುತ್ತದೆ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಹಾಲು ಹಾಕದ ಟೀ ಬಣ್ಣ. ಕೆಲವು ದಿನ ಬಿಟ್ಟು ನೋಡಿದರೆ ಹೆಚ್ಚುಕಡಿಮೆ ಕಪ್ಪು. ಗಾಳಿ ತಾಗಿದರೆ ಸಾಕು, ಅದು ತನ್ನಷ್ಟಕ್ಕೆ ಕೆಡುತ್ತಾ ಹೋಗುತ್ತದೆ. ಮಾರುವವರು ತೋರಿಸುವ ವಿಡಿಯೋದಲ್ಲಿ ಈ ಬಣ್ಣ ಬದಲಾಗೋದು ಕಾಣಿಸುವುದಿಲ್ಲ.

ಫರ್ಫುರಾಲ್ ಹೊಸ ಕಂಡುಹಿಡಿತ ಅಲ್ಲವೇ ಅಲ್ಲ. 1830ರ ದಶಕದಲ್ಲೇ ಜರ್ಮನಿಯ ಡೋಬರೈನರ್ ಅನ್ನುವ ವಿಜ್ಞಾನಿ ಇದನ್ನು ವರದಿ ಮಾಡಿದ್ದರು. ಹೆಸರಿನ ಮೂಲ ಲ್ಯಾಟಿನ್‌ನ ಫರ್ಫರ್, ಅಂದರೆ ತವುಡು. ತವುಡಿಗೆ ಆಸಿಡ್ ಹಾಕಿ ಬಟ್ಟಿ ಇಳಿಸಿದರೆ ಬರುವ ಎಣ್ಣೆ, ಅಷ್ಟೇ ಅರ್ಥ. ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ, 1920ರ ದಶಕದ ಶುರುವಿನಲ್ಲಿ, ಐಯೋವಾ ರಾಜ್ಯದ ಸೀಡರ್ ರಾಪಿಡ್ಸ್‌ನಲ್ಲಿ. ಅವರ ಮಿಲ್ಲಿನಲ್ಲಿ ಓಟ್ಸ್ ಹೊಟ್ಟು ಬೆಟ್ಟದಷ್ಟು ಬಿದ್ದಿರುತ್ತಿತ್ತು. ಈ ಹೊಟ್ಟಿನ ಮಾತು ನೆನಪಲ್ಲಿಡಿ, ಇದಕ್ಕೆ ಮತ್ತೆ ಬರುತ್ತೇನೆ.

ಈಗ ದಿಂಡಿನೊಳಗೆ ಏನಿದೆ ನೋಡೋಣ. ಯಾವ ಗಿಡದ ಗಟ್ಟಿ ಭಾಗ ತಗೊಂಡರೂ ಮುಖ್ಯವಾಗಿ ಮೂರು ವಸ್ತು. ಸೆಲ್ಯುಲೋಸ್ ಅಂದರೆ ನಾರು. ಹೆಮಿಸೆಲ್ಯುಲೋಸ್ ಅಂದರೆ ನಾರಿನ ಸುತ್ತ ಹೆಣೆದುಕೊಂಡ ಇನ್ನೊಂದು ಬಗೆಯ ಸಕ್ಕರೆಯ ಸರಪಳಿ. ಲಿಗ್ನಿನ್ ಅಂದರೆ ಇವೆರಡನ್ನೂ ಹಿಡಿದಿಡುವ ಅಂಟು. ಗೋಡೆಗೆ ಹೋಲಿಸಿದರೆ ಕಂಬಿ, ಅದನ್ನು ಕಟ್ಟಿದ ತಂತಿ, ಮೇಲೆ ಸುರಿದ ಕಾಂಕ್ರೀಟ್. ಮೆಕ್ಕೆಜೋಳದ ದಿಂಡಿನಲ್ಲಿ ನಡುವಿನದು, ಅಂದರೆ ಹೆಮಿಸೆಲ್ಯುಲೋಸ್, ಜಾಸ್ತಿ. ಅದರಲ್ಲೂ ಪೆಂಟೋಸಾನ್ ಎನ್ನುವ ಬಗೆ ಒಣ ತೂಕದ ನೂರಕ್ಕೆ 30ರಿಂದ 35 ಇರುತ್ತದೆ. ಪ್ರಪಂಚದಲ್ಲಿ ಹೆಚ್ಚಿನ ಫರ್ಫುರಾಲ್ ತಯಾರಾಗುವ ಚೀನಾದಲ್ಲಿ ದಿಂಡನ್ನೇ ಬಳಸುವುದು ಇದಕ್ಕೇ.

ಇದರ ಮೇಲೆ ಸಲ್ಫ್ಯೂರಿಕ್ ಆಸಿಡ್ಡಿನ ತೆಳು ನೀರು ಚಿಮುಕಿಸಿ, ಒತ್ತಡದ ಪಾತ್ರೆಯಲ್ಲಿ 160ರಿಂದ 180 ಡಿಗ್ರಿಯ ಹಬೆ ಕೊಟ್ಟರೆ ಪೆಂಟೋಸಾನ್ ಒಡೆದು ಕ್ಸೈಲೋಸ್ ಎಂಬ ಸಕ್ಕರೆ ಆಗುತ್ತದೆ. ಆ ಸಕ್ಕರೆ ಮೂರು ನೀರಿನ ಕಣ ಕಳಕೊಂಡರೆ ಅದೇ ಫರ್ಫುರಾಲ್. ಹಬೆಯ ಜೊತೆ ಹೊರಗೆ ಬರುತ್ತದೆ, ತಣಿಸಿದರೆ ನೀರಿನ ಜೊತೆ ಸೇರಿ ಸಿಗುತ್ತದೆ. ಇಷ್ಟೇ ಕೆಮಿಸ್ಟ್ರಿ.

ಇನ್ನು ಮಾರುವವರು ಹೇಳಿದ 3 ಟನ್ನಿಗೆ 600 ಕೆಜಿ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ನಾನೇ ಕೂತು ಲೆಕ್ಕ ಹಾಕಿದೆ. 3 ಟನ್ ದಿಂಡಿನಲ್ಲಿ ತೇವ ತೆಗೆದರೆ 2,700 ಕೆಜಿ ಒಣದು. ಅದರ ನೂರಕ್ಕೆ 32 ಪೆಂಟೋಸಾನ್ ಅಂದರೆ ಸುಮಾರು 865 ಕೆಜಿ. ಒಂದು ಕೆಜಿ ಪೆಂಟೋಸಾನ್ ಒಂದು ಚೂರೂ ಪೋಲಾಗದೆ ಫರ್ಫುರಾಲ್ ಆದರೆ ಬರುವುದು 0.727 ಕೆಜಿ. ಗುಣಿಸಿ ನೋಡಿ, ಸುಮಾರು 630 ಕೆಜಿ. ಅಂದರೆ ಅವರು ಹೇಳುತ್ತಿರೋದು ಹೆಚ್ಚುಕಡಿಮೆ ಪುಸ್ತಕದಲ್ಲಿರುವ ಗರಿಷ್ಠ ಮಿತಿ. ಅದು ಯಾವ ಕಾರ್ಖಾನೆಯಲ್ಲೂ ಬರುವುದಿಲ್ಲ. ಮಾಮೂಲಿ ಕಾರ್ಖಾನೆಗಳಲ್ಲಿ ಅದರ ಅರ್ಧದ ಆಸುಪಾಸು, ಚೆನ್ನಾಗಿ ನಡೆಸಿದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಿಮ್ಮ 3 ಟನ್ನಿಗೆ 270ರಿಂದ 300 ಕೆಜಿ ಅಂದುಕೊಳ್ಳಿ.

ಮಿಕ್ಕ ಅರ್ಧ ಎಲ್ಲಿ ಹೋಗುತ್ತದೆ? ಫರ್ಫುರಾಲ್ ಹುಟ್ಟಿದ ಕೂಡಲೇ ಆ ಬಿಸಿ ಆಸಿಡ್ಡಿನಲ್ಲಿ ತನ್ನೊಂದಿಗೆ ತಾನೇ ಕೂಡಿಕೊಳ್ಳುತ್ತದೆ, ಇನ್ನೂ ಒಡೆಯದ ಸಕ್ಕರೆಯ ಜೊತೆಗೂ ಕೂಡಿಕೊಳ್ಳುತ್ತದೆ. ಕೊನೆಗೆ ಕಪ್ಪು ಟಾರು. ಪಾತ್ರೆಯ ಗೋಡೆಗೆ, ಪೈಪಿನ ಒಳಗೆ ಹತ್ತಿಕೊಳ್ಳುವ ಈ ಟಾರನ್ನು ಕೆರೆದು ತೆಗೆದವರಿಗೆ ಗೊತ್ತು ಅದರ ಕಷ್ಟ. ಆದ್ದರಿಂದ ಹುಟ್ಟಿದ್ದನ್ನು ಹುಟ್ಟಿದ ಹಾಗೆ ಹೊರಗೆ ಎಳೆದುಕೊಳ್ಳಬೇಕು, ಎಳೆಯಲು ಹಬೆ ಬೇಕು, ಅದೂ ಧಾರಾಳವಾಗಿ.

ಹಳೇ ಮಾದರಿಯ ಕಾರ್ಖಾನೆಯಲ್ಲಿ ಒಂದು ಟನ್ ಫರ್ಫುರಾಲ್‌ಗೆ 25 ಟನ್ ಅಥವಾ ಅದಕ್ಕಿಂತ ಜಾಸ್ತಿ ಹಬೆ ಬೇಕಾಗುತ್ತದೆ. ನಿಮ್ಮ 300 ಕೆಜಿಗೆ ದಿನಕ್ಕೆ ಏಳೂವರೆ ಟನ್. ಇಷ್ಟು ಹಬೆಗೆ ಸೌದೆ ಎಲ್ಲಿಂದ? ಆ ಚರಟವನ್ನೇ ಸುಡಬೇಕು. 3 ಟನ್ ದಿಂಡು ಬೇಯಿಸಿದ ಮೇಲೆ ಒಣ ತೂಕದಲ್ಲಿ 1,700 ಕೆಜಿಯಷ್ಟು ಚರಟ ಉಳಿಯುತ್ತದೆ, ಒದ್ದೆ, ಹುಳಿ ವಾಸನೆ, ಕಾಫಿ ಸೋಸಿದ ಚರಟದ ಹಾಗೆ ಕಪ್ಪಗೆ. ಅದನ್ನು ಬಾಯ್ಲರಿಗೆ ಹಾಕಿದರೆ ನಿಮ್ಮ ಹಬೆಗೆ ಸರಿಯಾಗಿ ಸಾಕಾಗುತ್ತದೆ, ಅಷ್ಟೇ. ಅಂದ ಮೇಲೆ ಲಿಗ್ನಿನ್ ಎಲ್ಲಿ ಉಳಿಯಿತು? ಅದನ್ನು ಬಯೋಪ್ಲಾಸ್ಟಿಕ್‌ಗೆ ಅಂತ ಎತ್ತಿಟ್ಟರೆ ಬಾಯ್ಲರಿಗೆ ಬೇರೆ ಸೌದೆ ಕೊಳ್ಳಬೇಕು. ಒಂದೇ ಚರಟವನ್ನು ಎರಡು ಸಲ ಲೆಕ್ಕಕ್ಕೆ ತಗೊಂಡಿದ್ದಾರೆ ಅವರು.

ಅದೂ ಅಲ್ಲದೆ ಬಿಸಿ ಆಸಿಡ್ಡಿನಲ್ಲಿ ಬೆಂದ ಲಿಗ್ನಿನ್ ಸುಟ್ಟ ಅಂಟಿನ ಹಾಗೆ ಗಟ್ಟಿಕಟ್ಟಿ ನಾರಿನ ಜೊತೆ ಬೆರೆತಿರುತ್ತದೆ. ಅದರಿಂದ ಪ್ಲಾಸ್ಟಿಕ್ ಮಾಡೋದು ದೂರದ ಮಾತು. ಲಿಗ್ನಿನ್‌ನಿಂದ ಬೆಲೆಬಾಳುವ ವಸ್ತು ಬರೋದೇ ಇಲ್ಲ ಅಂತಲ್ಲ. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೋರೆಗಾರ್ಡ್ ಕಂಪನಿ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ ವೆನಿಲಿನ್ ಮಾಡುತ್ತದೆ, ಐಸ್‌ಕ್ರೀಮಿಗೆ ಹಾಕುವ ಅದೇ ವೆನಿಲಾ ಪರಿಮಳ. ಆದರೆ ಅಲ್ಲಿ ಮರವನ್ನು ಒಡೆಯುವ ವಿಧಾನವೇ ಬೇರೆ. ಅದೇ ಮರದಿಂದ ನಾರು, ಎಥನಾಲ್, ಸಿಮೆಂಟಿಗೆ ಬೆರೆಸುವ ಲಿಗ್ನಿನ್ ಪುಡಿ, ಎಲ್ಲವನ್ನೂ ಮಾರುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಆಗೋ ವಿಷಯ, ನೀರು. ಏಳೂವರೆ ಟನ್ ಹಬೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ 6 ಸಾವಿರ ಲೀಟರ್ ಹುಳಿ ನೀರಾಗಿ ಹೊರಗೆ ಬರುತ್ತದೆ. ದಿಂಡು ಬೇಯುವಾಗ ಫರ್ಫುರಾಲ್ ಜೊತೆ ಅಸಿಟಿಕ್ ಆಸಿಡ್ ಕೂಡ ಹುಟ್ಟುತ್ತದೆ, ಆ ನೀರಿನಲ್ಲಿ ಅದು ನೂರಕ್ಕೆ ಒಂದೂವರೆ, ಎರಡು ಇರುತ್ತದೆ. ಕೊಳೆಯ ಅಳತೆಗೆ ಸಿಒಡಿ ಅಂತ ಒಂದು ಲೆಕ್ಕವಿದೆ. ಈ ನೀರಿನಲ್ಲಿ ಅದು ಲೀಟರಿಗೆ 20 ಸಾವಿರ ಮಿಲಿಗ್ರಾಂ ಹತ್ತಿರ. ಹಳ್ಳ ಹೊಳೆಗೆ ಬಿಡಬೇಕಾದರೆ ನಮ್ಮ ದೇಶದ ಮಿತಿ 250. ನಿಮ್ಮ ಒಂದು ಸಣ್ಣ ಯೂನಿಟ್ ಒಂದು ದಿನಕ್ಕೆ ಬಿಡುವ ಕೊಳೆ ಸುಮಾರು 2 ಸಾವಿರ ಜನ ಇರುವ ಊರಿನ ಚರಂಡಿಯಷ್ಟು. ಅದನ್ನು ಶುದ್ಧ ಮಾಡುವ ವ್ಯವಸ್ಥೆ 38 ಲಕ್ಷದಲ್ಲಿ ಸೇರಿದೆಯಾ ಅಂತ ಕೇಳಿ. ಸೇರಿರೋದಿಲ್ಲ. ಬೋರ್‌ವೆಲ್ ಪಕ್ಕದ ಗುಂಡಿಗೆ ಬಿಟ್ಟರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಾನು ಸಲಹೆಗೆ ಹೋಗಿದ್ದ ಒಂದು ಕಡೆ ಎರಡೇ ಮಳೆಗಾಲಕ್ಕೆ ಪಕ್ಕದ ಹೊಲದ ಬಾವಿ ನೀರು ಹುಳಿ ವಾಸನೆ ಬರತೊಡಗಿತ್ತು. ಆ ಹೊಲದವರು ಯೂನಿಟ್ ಮಾಲೀಕರ ಸೋದರಮಾವನೇ ಆಗಿದ್ದರು. ಮಾತು ನಿಂತುಹೋಯಿತು, ಆಮೇಲೆ ಯೂನಿಟ್ಟೂ ನಿಂತಿತು.

ಮನುಷ್ಯರ ಮೈಗೂ ಇದು ಒಳ್ಳೆಯದಲ್ಲ. ಬಾದಾಮಿ ವಾಸನೆ ಅಂದೆನಲ್ಲ, ಅದು ಮೂಗಿಗೆ ಒಗ್ಗಿಹೋಗುತ್ತದೆ, ಆಗಲೇ ಅಪಾಯ. ಕಣ್ಣು ಉರಿ, ತಲೆನೋವು, ಗಂಟಲು ಕೆರೆತ. ಉಸಿರಿನಿಂದ ಹೋಗುವುದಲ್ಲದೆ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಇದಕ್ಕಿರುವ ಮಿತಿ 5 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 5 ಭಾಗ; ಯುರೋಪಿನಲ್ಲಿ ಇದು ಕ್ಯಾನ್ಸರ್ ತರುವ ಅನುಮಾನವಿರುವ ವಸ್ತುಗಳ ಪಟ್ಟಿಯಲ್ಲಿದೆ. 60 ಡಿಗ್ರಿ ಆಸುಪಾಸಿನಲ್ಲಿ ಇದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ರಬ್ಬರ್ ಗ್ಯಾಸ್ಕೆಟ್ ಹಾಕಿದರೆ ಅದು ಉಬ್ಬಿ ಮೆತ್ತಗಾಗಿ ಸೋರಲು ಶುರುವಾಗುತ್ತದೆ. ಬಿಸಿ ಆಸಿಡ್ಡಿಗೆ ಸಾದಾ ಕಬ್ಬಿಣದ ಪಾತ್ರೆ ತಡೆಯೋದಿಲ್ಲ. ಅವರ ಯೂನಿಟ್ ಯಾವ ಲೋಹದ್ದು, ಎಷ್ಟು ದಪ್ಪ, ಒತ್ತಡದ ಪರೀಕ್ಷೆ ಯಾರು ಮಾಡಿದ್ದು, ಮೆಕ್ಯಾನಿಕಲ್ ಓದಿದ ನಿಮಗೆ ಈ ಪ್ರಶ್ನೆ ನನಗಿಂತ ಚೆನ್ನಾಗಿ ಕೇಳಲು ಬರುತ್ತದೆ.

ಪರವಾನಗಿ ವಿಷಯ ಬೇಗ ಮುಗಿಸುತ್ತೇನೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಕಟ್ಟುವ ಮುಂಚೆ ಒಂದು, ನಡೆಸುವ ಮುಂಚೆ ಒಂದು. ಬಾಯ್ಲರ್ ಇಲಾಖೆ ಬೇರೆ. ಕೃಷಿ ಜಮೀನು ಪರಿವರ್ತನೆ ಬೇಕಾ ಅಂತಲೂ ವಿಚಾರಿಸಬೇಕು. ಪರಿಸರ ಅನುಮತಿಯೂ ಬೇಕಾಗಬಹುದು. ಇದು ಕೃಷಿ ಯಂತ್ರ, ಏನೂ ಬೇಡ ಅಂತ ಅವರು ಹೇಳಿದ್ದರೆ ಅದನ್ನು ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡಿ ಅನ್ನಿ.

ಇನ್ನು ದಿಂಡು. ಕಸ ಅಲ್ವಾ, ಪುಕ್ಕಟೆ ಸಿಗುತ್ತೆ ಅನ್ನೋದು ಈ ವಿಷಯದಲ್ಲಿ ಎಲ್ಲರೂ ನಂಬುವ ಸುಳ್ಳು. ಎಕರೆಗೆ 20 ಕ್ವಿಂಟಲ್ ಕಾಳು ಬಂದರೆ ದಿಂಡು ಸುಮಾರು 4 ಕ್ವಿಂಟಲ್. ದಿನಕ್ಕೆ 3 ಟನ್ನಿನಂತೆ 300 ದಿನ ನಡೆಸಲು 900 ಟನ್ ಬೇಕು, ಅಂದರೆ 2,250 ಎಕರೆಯ ದಿಂಡು. ನಿಮ್ಮ 14 ಎಕರೆಯದ್ದು ಎರಡು ದಿನಕ್ಕೂ ಸಾಲದು. ಮುಂಗಾರಿನ ಬೆಳೆ ಕಟಾವಾಗುವುದು ಹೆಚ್ಚುಕಡಿಮೆ ಎರಡು ತಿಂಗಳಲ್ಲಿ, ಅಷ್ಟರಲ್ಲೇ ವರ್ಷದ್ದೆಲ್ಲ ಕೂಡಿಡಬೇಕು. ದಿಂಡು ಹಗುರ, ಜಾಗ ತಿನ್ನುತ್ತದೆ. ಕಟಾವಿನ ಕಾಲದಲ್ಲಿ ಬಳಸಿದ್ದು ಬಿಟ್ಟು ಉಳಿಯುವ 700 ಟನ್ ದಿಂಡನ್ನು ಆಳೆತ್ತರಕ್ಕಿಂತ ಮೇಲೆ, 10 ಅಡಿ ಪೇರಿಸಿದರೂ ಎಕರೆಯ ಮೂರನೇ ಒಂದು ಭಾಗಕ್ಕೆ ತಗಡಿನ ಶೆಡ್ ಬೇಕು. ನವೆಂಬರಿನ ಅಕಾಲ ಮಳೆ ನಿಮಗೆ ಹೊಸದಲ್ಲ. ನೆನೆದ ರಾಶಿಯೊಳಗೆ ಕೈ ಹಾಕಿದರೆ ಸುಡುವಷ್ಟು ಬಿಸಿ, ಒಳಗೆಲ್ಲ ಬೂದು ಬೂಸ್ಟು. ಆ ಬೂಸ್ಟು ಮೊದಲು ತಿನ್ನೋದೇ ಹೆಮಿಸೆಲ್ಯುಲೋಸನ್ನು. ಇಷ್ಟರ ಮೇಲೆ, ನೀವು ಕೊಳ್ಳಲು ಶುರು ಮಾಡಿದ ಮರುದಿನವೇ ದಿಂಡಿಗೆ ರೇಟು ಹುಟ್ಟುತ್ತದೆ. ಇಟ್ಟಿಗೆ ಭಟ್ಟಿಯವರು, ಬಾಯ್ಲರಿನವರು ಈಗಾಗಲೇ ಕೇಳುತ್ತಿರುತ್ತಾರೆ.

ಕ್ವೇಕರ್ ಓಟ್ಸಿನ ಹೊಟ್ಟಿನ ಮಾತು ನೆನಪಿಡಿ ಅಂದಿದ್ದೆನಲ್ಲ, ಅದು ಇದಕ್ಕೇ. ಅವರು ಹೊಟ್ಟು ಹುಡುಕಿಕೊಂಡು ಹೋಗಲಿಲ್ಲ. ಓಟ್ಸ್ ಜೊತೆಗೇ ಅದು ಮಿಲ್ಲಿನ ಬಾಗಿಲಿಗೆ ಬಂದಿತ್ತು. ದಕ್ಷಿಣ ಆಫ್ರಿಕಾದ ಸೆಜೆಲಾದಲ್ಲಿ, ಡೊಮಿನಿಕನ್ ರಿಪಬ್ಲಿಕ್ಕಿನ ಲಾ ರೊಮಾನಾದಲ್ಲಿ ಫರ್ಫುರಾಲ್ ಮಾಡುವವರೂ ಸಕ್ಕರೆ ಕಾರ್ಖಾನೆಯವರೇ. ಕಬ್ಬು ಅರೆದ ಸಿಪ್ಪೆ ಅಲ್ಲೇ ಇದೆ, ಬಾಯ್ಲರ್ ಅಲ್ಲೇ ಇದೆ, ನೀರು ಶುದ್ಧ ಮಾಡುವ ವ್ಯವಸ್ಥೆ ಅಲ್ಲೇ ಇದೆ. ಚೀನಾದಲ್ಲಿ ಹಳ್ಳಿಗಳಿಂದ ದಿಂಡು ಕೂಡಿಸಿ ಮಾಡುತ್ತಿದ್ದ ಸಣ್ಣ ಯೂನಿಟ್‌ಗಳು ಎಷ್ಟೋ ಇದ್ದವು, ಪರಿಸರ ನಿಯಮ ಬಿಗಿ ಮಾಡಿದ ಮೇಲೆ ಬಹಳಷ್ಟು ಮುಚ್ಚಿದವು.

ದುಡ್ಡಿದ್ದವರಿಗೂ ಇದು ಸುಲಭವಾಗಿಲ್ಲ. ಅಮೆರಿಕದ ಡುಪಾಂಟ್ ಕಂಪನಿ ಅದೇ ಐಯೋವಾದಲ್ಲಿ ಮೆಕ್ಕೆಜೋಳದ ಸೊಪ್ಪೆಯಿಂದ ಎಥನಾಲ್ ಮಾಡಲು 20 ಕೋಟಿ ಡಾಲರಿಗೂ ಜಾಸ್ತಿ ಹಾಕಿ 2015ರಲ್ಲಿ ಕಾರ್ಖಾನೆ ತೆರೆಯಿತು. ಸುತ್ತಲಿನ ನೂರಾರು ರೈತರ ಜೊತೆ ಒಪ್ಪಂದ ಇತ್ತು. 2017ರಲ್ಲಿ, ಡೌ ಜೊತೆ ವಿಲೀನವಾದ ಮೇಲೆ, ಅದನ್ನು ನಿಲ್ಲಿಸಿ ಮಾರಾಟಕ್ಕಿಟ್ಟರು. ನಮ್ಮಲ್ಲಿ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರು 2022ರಲ್ಲಿ ಶುರು ಮಾಡಿದ ಭತ್ತದ ಹುಲ್ಲಿನ ಎಥನಾಲ್ ಘಟಕಕ್ಕೆ ತಗುಲಿದ್ದು 900 ಕೋಟಿಗೂ ಮೇಲೆ. ಅಸ್ಸಾಮಿನ ನುಮಾಲಿಗಢದಲ್ಲಿ ರಿಫೈನರಿಯ ಪಕ್ಕದಲ್ಲೇ ಬಿದಿರಿನಿಂದ ಎಥನಾಲ್ ಮಾಡುವ ಘಟಕ 2025ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಎಥನಾಲ್ ಜೊತೆ ವರ್ಷಕ್ಕೆ ಸುಮಾರು 19 ಸಾವಿರ ಟನ್ ಫರ್ಫುರಾಲ್, 11 ಸಾವಿರ ಟನ್ ಅಸಿಟಿಕ್ ಆಸಿಡ್ ತೆಗೆಯುವ ಯೋಜನೆ. ಗಮನಿಸಿ, ನಿಮ್ಮ ಯೂನಿಟ್ಟಿನಲ್ಲಿ ಹುಳಿ ನೀರಾಗಿ ಊರು ಹಾಳು ಮಾಡುವ ಅದೇ ಅಸಿಟಿಕ್ ಆಸಿಡ್ ಅಲ್ಲಿ ಮಾರಾಟದ ಮಾಲು. ಅಷ್ಟು ದೊಡ್ಡದಾಗಿ ಮಾಡಿದರೆ ಮಾತ್ರ ಅದನ್ನು ನೀರಿನಿಂದ ಬೇರೆ ಮಾಡುವ ಖರ್ಚು ಗಿಟ್ಟುತ್ತದೆ.

ಅವರು ವಾಪಸ್ ಕೊಳ್ಳುತ್ತೇವೆ ಅನ್ನುವ ಮಾತಿಗೂ ಒಂದು ಉತ್ತರ ಕೊಡಬೇಕು. ಫರ್ಫುರಾಲ್‌ಗೆ ಗಿರಾಕಿ ಇದ್ದಾರೆ, ಅದು ಸುಳ್ಳಲ್ಲ. ಹೆಚ್ಚಿನ ಪಾಲು ಫರ್ಫ್ಯುರೈಲ್ ಆಲ್ಕೋಹಾಲ್ ಆಗಿ, ಅಲ್ಲಿಂದ ಫ್ಯುರಾನ್ ರೆಸಿನ್ ಆಗಿ ಫೌಂಡ್ರಿಗೆ ಹೋಗುತ್ತದೆ. ನಿಮಗೆ ಹತ್ತಿರದ ಬೆಳಗಾವಿಯಲ್ಲೇ ಎಷ್ಟು ಫೌಂಡ್ರಿ ಇವೆ ನೋಡಿ. ಎರಕದ ಅಚ್ಚಿನ ಮರಳು ಗಟ್ಟಿ ನಿಲ್ಲಲು ಈ ರೆಸಿನ್ ಬೆರೆಸುತ್ತಾರೆ. ಆದರೆ ಆ ಗಿರಾಕಿಗಳು ಕೇಳುವುದು ನೂರಕ್ಕೆ 98ಕ್ಕೂ ಮೇಲಿನ ಶುದ್ಧ ಮಾಲು, ತೇವ ಇರಬಾರದು, ಕಪ್ಪಾಗಿರಬಾರದು. ಪಾತ್ರೆಯಿಂದ ತಣಿದು ಬರುವ ನೀರಿನಲ್ಲಿ ಫರ್ಫುರಾಲ್ ಇರುವುದು ನೂರಕ್ಕೆ ಐದರ ಆಸುಪಾಸು. ಅಲ್ಲಿಂದ 98ಕ್ಕೆ ಏರಿಸಲು ಎತ್ತರದ ಬಟ್ಟಿ ಕಂಬ, ಮೇಲಿನ ನೀರು ಕೆಳಗಿನ ಎಣ್ಣೆ ಬೇರೆ ಮಾಡುವ ತೊಟ್ಟಿ, ಕೊನೆಗೆ ನಿರ್ವಾತದಲ್ಲಿ ಇನ್ನೊಂದು ಸಲ ಬಟ್ಟಿ. ಒಪ್ಪಂದದಲ್ಲಿ ಶುದ್ಧತೆಯ ಸಾಲು ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ. ಆ ಸಾಲಿನ ಆಧಾರದ ಮೇಲೆಯೇ ನಾಳೆ ನಿಮ್ಮ ಡ್ರಮ್ಮುಗಳನ್ನು ಬೇಡ ಅನ್ನುತ್ತಾರೆ.

ಮೋಸವಾ ಅಂತ ಕೇಳಿದಿರಿ. ಅವರ ಮನಸ್ಸಿನಲ್ಲಿ ಏನಿದೆ ಅಂತ ನಾನು ಹೇಳಲಾರೆ. ಕಾಗದದ ಮೇಲಿನ ಗರಿಷ್ಠ ಸಂಖ್ಯೆಯನ್ನು ಇಳುವರಿ ಅಂತ ತೋರಿಸೋದು, ಚರಟವನ್ನು ಎರಡು ಸಲ ಮಾರೋದು, ನೀರಿನ ಸುದ್ದಿಯೇ ಎತ್ತದಿರೋದು, ಮೇಲೆ ತಿಂಗಳ ಕೊನೆಯ ಗಡುವು. ಇಷ್ಟು ಸಾಕು ನನಗೆ ಬೇಡ ಅನ್ನಲು. ನಿಮ್ಮ ಅಪ್ಪ ಹೇಳಿದ್ದು ಸರಿ ಇದೆ.

ನಮ್ಮ ನಾಡಿನದ್ದೇ ಒಂದು ಕಥೆ ಹೇಳಬೇಕು, ನಿಮಗೆ ಹತ್ತಿರದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಅದು ಬರೀ ಕಬ್ಬಿಣದ ಕಾರ್ಖಾನೆ ಆಗಿರಲಿಲ್ಲ. ಮರ ಬಟ್ಟಿ ಇಳಿಸುವ ಘಟಕವೂ ಅದರ ಭಾಗ. ಮಲೆನಾಡಿನ ಕಾಡಿನ ಮರವನ್ನು ಗಾಳಿ ತಾಗದ ಹಾಗೆ ಕಾಯಿಸಿದರೆ ಇದ್ದಿಲು ಉಳಿಯುತ್ತದೆ, ಅದು ಕುಲುಮೆಗೆ. ಹೊಗೆ ತಣಿಸಿದರೆ ಮೆಥನಾಲ್, ಅಸಿಟಿಕ್ ಆಸಿಡ್, ಟಾರು. ಅಸಿಟಿಕ್ ಆಸಿಡ್‌ಗೆ ಸುಣ್ಣ ಬೆರೆಸಿ ಅಸಿಟೇಟ್ ಮಾಡಿ ಮಾರುವುದು. ಗಿಡದಿಂದ ಕೆಮಿಕಲ್ ತೆಗೆಯುವ ಕೆಲಸ ಕರ್ನಾಟಕದಲ್ಲಿ ನೂರು ವರ್ಷದ ಹಿಂದೆಯೇ ಕಾರ್ಖಾನೆಯ ಮಟ್ಟದಲ್ಲಿ ನಡೆದಿತ್ತು, ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ. ಆದರೆ ಅದೇ 1923ರಲ್ಲಿ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್ಎಫ್ ಕಂಪನಿ ಕಲ್ಲಿದ್ದಲಿನ ಅನಿಲದಿಂದ ಮೆಥನಾಲ್ ಮಾಡತೊಡಗಿತು. ಮರದಿಂದ ಮೆಥನಾಲ್ ತೆಗೆಯುತ್ತಿದ್ದವರು ಪ್ರಪಂಚದ ಎಲ್ಲ ಕಡೆ ಅದರ ಬೆಲೆಯ ಮುಂದೆ ನಿಲ್ಲಲಾಗದೆ ಹೋದರು. ನಿಮ್ಮ ಮಾಲಿನ ಬೆಲೆಯನ್ನು ಎಲ್ಲೋ ದೂರದಲ್ಲಿ ಯಾರೋ ತೀರ್ಮಾನಿಸುತ್ತಾರೆ. ಫರ್ಫುರಾಲ್ ವಿಷಯದಲ್ಲಿ ಈಗ ಆ ಜಾಗ ಚೀನಾ.

ಹಾಗಾದರೆ ಸಣ್ಣ ಮಟ್ಟದಲ್ಲಿ ಗಿಡದಿಂದ ಕೆಮಿಕಲ್ ತೆಗೆದು ಯಾರೂ ಬದುಕಿಲ್ಲವಾ? ಬದುಕಿದ್ದಾರೆ. ಮಲೆನಾಡಿನ ಅಡಿಕೆ ಚೊಗರು ನೋಡಿ. ಹಸಿ ಅಡಿಕೆ ಬೇಯಿಸಿದ ಹಂಡೆಯ ನೀರು ಮತ್ತೆ ಮತ್ತೆ ಕುದಿದು ಮಂದವಾಗಿ, ಕೈಗೆ ತಾಗಿದರೆ ಎರಡು ದಿನ ಹೋಗದ ಕೆಂಪು ಕಂದು. ಅದರಲ್ಲಿರುವುದು ಟ್ಯಾನಿನ್ ಎಂಬ ಒಗರು ವಸ್ತು. ಹೆಗ್ಗೋಡಿನ ಕಡೆ ಚರಕ ಎಂಬ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಲು ಇದನ್ನು ಬಳಸುತ್ತಾರೆ. ಕರಾವಳಿಯ ಗೇರು ಸಿಪ್ಪೆ ಎಣ್ಣೆಯೂ ಹಾಗೇ. ಸಿಪ್ಪೆಯನ್ನು ಅರೆದು ಎಣ್ಣೆ ತೆಗೆಯುತ್ತಾರೆ, ಕಾಯಿಸಿದರೆ ಕಾರ್ಡನಾಲ್ ಎಂಬ ಕೆಮಿಕಲ್ ಬರುತ್ತದೆ, ಅದು ಬ್ರೇಕ್ ಲೈನಿಂಗಿಗೂ ಪೇಂಟಿಗೂ ಹೋಗುತ್ತದೆ, ಅರೆದ ಹಿಂಡಿ ಒಲೆಗೆ. ಈ ಎರಡರಲ್ಲೂ ಕೆಮಿಕಲ್ಲನ್ನು ಗಿಡವೇ ಮಾಡಿ ಇಟ್ಟಿದೆ, ನಾವು ಹಿಂಡಿಕೊಂಡರೆ ಸಾಕು. ನಿಮ್ಮ ದಿಂಡಿನಲ್ಲಿ ಹಾಗಿಲ್ಲ. ಅಲ್ಲಿ ಗೋಡೆ ಒಡೆಯಬೇಕು. ಒಡೆಯಲು ಆಸಿಡ್ಡು, ಹಬೆ, ಒತ್ತಡ ಎಲ್ಲ ಬೇಕು, ಅದಕ್ಕೇ ದೊಡ್ಡ ಕಾರ್ಖಾನೆಯೂ ಬೇಕಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ದಿಂಡನ್ನು ಬೇಯಿಸುವುದರ ಬದಲು ಒಡೆದು ಜರಡಿ ಹಿಡಿಯುತ್ತಿದ್ದೆ. ಒಂದು ದಿಂಡು ಅಡ್ಡ ಮುರಿದು ನೋಡಿ. ನಡುವೆ ಬಿಳಿ ಬೆಂಡು, ಸುತ್ತ ಮರದಂಥ ಗಟ್ಟಿ ಉಂಗುರ, ಹೊರಗೆ ತೆಳು ಹೊಟ್ಟು. ಆ ಗಟ್ಟಿ ಉಂಗುರವನ್ನು ರವೆ ಮಾಡಿದರೆ ಅದಕ್ಕೆ ಒಳ್ಳೇ ಮಾರುಕಟ್ಟೆ ಇದೆ. ಲೋಹದ ಬಿಡಿಭಾಗ ಪಾಲಿಶ್ ಮಾಡುವವರು ಕೊಳ್ಳುತ್ತಾರೆ. ಕೋಳಿ ಆಹಾರಕ್ಕೆ ಹಾಕುವ ಕೋಲೀನ್ ಕ್ಲೋರೈಡ್ ಅನ್ನುವ ಪೋಷಕಾಂಶ ದ್ರವದ ರೂಪದ್ದು, ಅದನ್ನು ಪುಡಿ ಮಾಡಲು ಈ ದಿಂಡಿನ ರವೆಗೇ ಹೀರಿಸುತ್ತಾರೆ. ಬೆಂಡು, ಹೊಟ್ಟು ಅಣಬೆ ಬೆಳೆಯುವವರಿಗೆ, ಉಳಿದದ್ದು ಪೆಲೆಟ್ಟಿಗೆ, ಅಂದರೆ ಒತ್ತಿ ಮಾಡಿದ ಉರುವಲಿನ ಗುಳಿಗೆಗೆ. ಬೇಕಾಗುವ ಯಂತ್ರ ಅಂದರೆ ಹ್ಯಾಮರ್ ಮಿಲ್, ಗಾಳಿ ತೂರುವ ಫ್ಯಾನ್, ಜರಡಿ, ಒಣಗಿಸುವ ವ್ಯವಸ್ಥೆ. ಎಲ್ಲವೂ ನೀವೇ ರಿಪೇರಿ ಮಾಡಿಕೊಳ್ಳಬಹುದಾದದ್ದು, ಕೆಟ್ಟರೆ ಮಾರಬಹುದಾದದ್ದು.

ಅದರಲ್ಲೂ ಅಪಾಯ ಇಲ್ಲದಿಲ್ಲ. ತೇವ ನೂರಕ್ಕೆ 10ರ ಆಸುಪಾಸಿಗೆ ಇಳಿಯದಿದ್ದರೆ ಬೂಸ್ಟು ಬರುತ್ತದೆ. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಕಂಡುಬಂದರೆ ಕೋಳಿ ಆಹಾರದವರು ಲೋಡ್ ಸಮೇತ ವಾಪಸ್ ಕಳಿಸುತ್ತಾರೆ. ದಿಂಡಿನ ಧೂಳು ಗಾಳಿಯಲ್ಲಿ ತುಂಬಿಕೊಂಡಾಗ ಒಂದು ಕಿಡಿ ಸಾಕು, ಶೆಡ್ಡೇ ಹಾರಿಹೋಗುತ್ತದೆ. ಧೂಳು ಎಳೆಯುವ ವ್ಯವಸ್ಥೆಗೆ ಕಂಜೂಸಿ ಮಾಡಬೇಡಿ. ಯಂತ್ರ ಕೊಳ್ಳುವ ಮುಂಚೆಯೇ ಗಿರಾಕಿ ಹುಡುಕಿ. ನಾಲ್ಕು ಚೀಲ ದಿಂಡು ಯಾವುದಾದರೂ ಮಿಲ್ಲಿನಲ್ಲಿ ಒಡೆಸಿ, ಜರಡಿ ಹಿಡಿದು, ಸ್ಯಾಂಪಲ್ ತಗೊಂಡು ನೀವೇ ಹೋಗಿ. ಯಾವ ಗಾತ್ರದ ರವೆ ಬೇಕು, ತಿಂಗಳಿಗೆ ಎಷ್ಟು ಟನ್, ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ಬರೆದುಕೊಂಡು ಬನ್ನಿ.

ಪೆಲೆಟ್ ಮಾತ್ರ ಮಾಡುವುದು ಇನ್ನೊಂದು ದಾರಿ. ಬಾಯ್ಲರಿನವರು ಕೊಳ್ಳುತ್ತಾರೆ, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಗೂ ಒಂದು ಪಾಲು ಕೃಷಿ ತ್ಯಾಜ್ಯದ ಪೆಲೆಟ್ ಸುಡಬೇಕೆಂಬ ಕೇಂದ್ರದ ನಿಯಮವಿದೆ. ಲಾಭ ತೆಳು, ಪೆಲೆಟ್ ಒತ್ತುವ ಅಚ್ಚು (ಡೈ) ಬೇಗ ಸವೆಯುತ್ತದೆ, ದುಡ್ಡು ಬರೋದು ತಡ. ಗಾಳಿಯಿಲ್ಲದೆ ಕಾಯಿಸಿ ಬಯೋಚಾರ್ (ಮಣ್ಣಿಗೆ ಹಾಕುವ ಇದ್ದಿಲು) ಮತ್ತು ಮರದ ವಿನೆಗರ್ (ಹೊಗೆ ತಣಿಸಿದ ಹುಳಿ ನೀರು) ಮಾಡಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಭದ್ರಾವತಿಯ ವಿದ್ಯೆಯೇ, ಸಣ್ಣ ಪಾತ್ರೆಯಲ್ಲಿ. ಬಯೋಚಾರ್ ನಿಮ್ಮ ಹೊಲಕ್ಕೆ ಹಾಕಿಕೊಳ್ಳಲು ಒಳ್ಳೆಯದು. ಆದರೆ ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಮುಚ್ಚಿದ ಶೆಡ್ಡಿನಲ್ಲಿ ಮಾಡಬಾರದು. ಎಲ್ಲ ರೋಗಕ್ಕೂ ಮದ್ದು ಅಂತ ವಿನೆಗರ್ ಮಾರುವವರ ಮಾತಿನ ಮೇಲೆ ಬಂಡವಾಳ ಹಾಕಬೇಡಿ.

ಇಷ್ಟೆಲ್ಲ ಓದಿಯೂ ಫರ್ಫುರಾಲ್ ಮೇಲೆ ಆಸೆ ಇದ್ದರೆ, ಅದು ತಪ್ಪಲ್ಲ, ನಾನೂ ಅದರ ಹಿಂದೆ ಹೋದವನೇ. ಆಗ ಮಾರುವವರನ್ನು ಕರೆದು ಹೀಗೆ ಹೇಳಿ. ಇದೇ ಅಳತೆಯ, ಒಂದು ವರ್ಷ ನಡೆದಿರುವ ಯೂನಿಟ್ ತೋರಿಸಿ, ನಾನು ಹೇಳಿ ಬಂದ ದಿನ ಅಲ್ಲ, ಹೇಳದೇ ಬಂದ ದಿನ. ಒಳಗೆ ಹೋದ ದಿಂಡು, ಆಸಿಡ್, ಹಬೆ, ಹೊರಗೆ ಬಂದ ಮಾಲು, ಚರಟ, ನೀರು, ಎಲ್ಲದರ ತೂಕದ ಲೆಕ್ಕ ಒಂದು ಹಾಳೆಯಲ್ಲಿ ಕೊಡಿ. ಎಡಗಡೆ ಮೊತ್ತ ಬಲಗಡೆ ಮೊತ್ತಕ್ಕೆ ಸರಿಹೋಗಬೇಕು. ಆ ಊರಿನ ಮಾಲಿನ್ಯ ಮಂಡಳಿಯ ಒಪ್ಪಿಗೆ ಪತ್ರದ ನಕಲು ಕೊಡಿ. ಹೋದಾಗ ನೀವು ಯೂನಿಟ್ ನೋಡುವ ಮುಂಚೆ ಪಕ್ಕದ ಹೊಲದವರನ್ನು ಮಾತಾಡಿಸಿ, ಅವರ ಬಾವಿಯ ನೀರು ಕೇಳಿ ಕುಡಿಯಿರಿ.

ರವೆಯ ವಿಷಯಕ್ಕೆ, ಒಣಗಿಸುವ ವಿಷಯಕ್ಕೆ ನಿಮ್ಮ ತಾಲ್ಲೂಕಿನ ಹನುಮನಮಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಮೊದಲು ಅಲ್ಲಿಗೆ ಹೋಗಿ. ಈ ಸಲದ ದಿಂಡು ಈಗಾಗಲೇ ಕಣದಲ್ಲಿ ಬಿದ್ದಿದ್ದರೆ ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ರಾಶಿಯ ಕೆಳಗೆ ಎರಡು ಸಾಲು ಇಟ್ಟಿಗೆ ಹಾಕಿ ನೆಲದಿಂದ ಎತ್ತಿ, ಮೇಲೆ ತಾಡಪಾಲು ಹೊದಿಸಿ, ಎರಡೂ ಬದಿ ಗಾಳಿ ಆಡಲು ಬಿಡಿ.